ಜಲಜಕ್ಕ ಜೋಡಿಸಿದ ಗ್ರಂಥಋಣ

ಚೆನ್ನೈನ ತಿರುವಲ್ಲಿಕ್ಕೇಣಿಯ ಜೆರಾಕ್ಸ್ ಅಂಗಡಿಯೊಂದರ ಹಿಂಬದಿಯಲ್ಲಿ ಕೂತು ಜಲಜಾಕ್ಷಿ ಹದಿನೆಂಟು ವರ್ಷಗಳಿಂದ ಬೇರೆಯವರ ಪಿಎಚ್.ಡಿ. ಪ್ರಬಂಧಗಳನ್ನು ಟೈಪ್ ಮಾಡಿ ಜೋಡಿಸುತ್ತಿದ್ದಾರೆ. ಉಡುಪಿ ಕಡೆಯವರು. ಆ ಓಣಿಯಲ್ಲಿ ಕನ್ನಡ ಟೈಪಿಂಗ್ ಬಲ್ಲವರು ಅವರೊಬ್ಬರೇ. ಕುತ್ತಿಗೆಗೆ ಬೆಲ್ಟು, ಕಣ್ಣಿಗೆ ದಿನಕ್ಕೆ ಮೂರು ಸಲ ಔಷಧಿ. ‘ಅಕ್ಕಾ, ಸೀಕ್ರಂ’ ಎಂದು ಸಂಶೋಧಕರು ಅವಸರಿಸಿದರೆ ತಲೆಯೆತ್ತುವುದೂ ಇಲ್ಲ. ಅವಸರಿಸಿದವರಲ್ಲಿ ನಾನೂ ಒಬ್ಬಳು. ಕಾಲೇಜಿನಲ್ಲಿ ದಿನವಿಡೀ ಪಾಠ ಮಾಡಿ, ನಲವತ್ತಾರನೇ ವಯಸ್ಸಿಗೆ ಪ್ರಬಂಧ ಬರೆದವಳಿಗೆ ತಾಳ್ಮೆ ಎಲ್ಲಿಂದ ಬರಬೇಕು?

ನನ್ನ ವಿಷಯ ಚೆನ್ನೈನಲ್ಲಿರುವ ಕರಾವಳಿ ಕನ್ನಡಿಗರ ಹೋಟೆಲುಗಳ ಅಡುಗೆಮನೆ. ಜಲಜಕ್ಕನ ಗಂಡ ಬಾಬು ಎಗ್ಮೋರ್‌ನಲ್ಲಿ ನಲವತ್ತು ವರ್ಷ ದೋಸೆಕಲ್ಲಿನ ಮುಂದೆ ನಿಂತವರು. ಮಂಡಿ ಸವೆದು ಮನೆಯಲ್ಲೇ ಇರುವ ಅವರು ನಾಲ್ಕು ಮಧ್ಯಾಹ್ನ ನನ್ನ ಜೊತೆ ಮಾತಾಡಿದರು. ಮೂರನೇ ಅಧ್ಯಾಯ ನಿಂತಿರುವುದೇ ಆ ಮಾತಿನ ಮೇಲೆ. ‘ನಿಮ್ಮ ಹೆಸರು ಪುಸ್ತಕದಲ್ಲಿ ಬರುತ್ತೆ ಬಾಬಣ್ಣ’ ಎಂದು ನಾನೇ ಹೇಳಿದ್ದೆ. ಅವರು ಅದನ್ನು ಬೀದಿಗೆಲ್ಲ ಸಾರಿಬಿಟ್ಟಿದ್ದರು.

ಕೊನೆಗೆ ಉಳಿದದ್ದು ಗ್ರಂಥಋಣ. ಈಗ ಅದನ್ನು ಕೈಯಲ್ಲಿ ಬರೆಯುವವರಿಲ್ಲ. ಲೇಖಕ, ಪುಸ್ತಕ, ವರ್ಷ ತುಂಬಿಟ್ಟರೆ ಸಾಫ್ಟ್‌ವೇರೇ ಅಕಾರಾದಿಯಾಗಿ ಪಟ್ಟಿ ಕಟ್ಟುತ್ತದೆ. ಇನ್ನೂರ ಹದಿನಾಲ್ಕು ಪುಸ್ತಕಗಳು ಬಂದವು. ಬಾಬು ಬರಲಿಲ್ಲ. ನಾನು ಆರಿಸಿದ್ದ ಉಲ್ಲೇಖ ಶೈಲಿಯಲ್ಲಿ ಬಾಯಿಮಾತಿನ ಸಂದರ್ಶನಕ್ಕೆ ಜಾಗವಿರಲಿಲ್ಲ.

“ಇವ್ರ ಹೆಸರು ಇಲ್ವಲ್ಲ ವಂದನಾ ಮೇಡಂ.”

“ರೂಲ್ಸೇ ಹಂಗಿದೆ ಜಲಜಕ್ಕ. ಅಧ್ಯಾಯದ ಒಳಗಡೆ ಇದ್ಯಲ್ಲ.”

“ಅಷ್ಟು ಪುಟ ಅವ್ರು ಎಲ್ಲಿ ಓದ್ತಾರೆ? ಹೆಸರಿನ ಪಟ್ಟಿ ಮಾತ್ರ ನೋಡುದು.”

ನನಗೆ ನಾಚಿಕೆಯಾಯಿತು. ಸೇರಿಸಿ ಎಂದೆ. ಅವರು ಆ ಸಾಲನ್ನು ಕೈಯಾರೆ ಟೈಪ್ ಮಾಡಿದರು. ಬೇರೆಲ್ಲೋ ಒಂದು ಪುಸ್ತಕದ ವಿವರ ತಿದ್ದಿದೊಡನೆ ಸಾಫ್ಟ್‌ವೇರ್ ಪಟ್ಟಿಯನ್ನು ಹೊಸದಾಗಿ ಕಟ್ಟಿ ಬಾಬುವನ್ನು ಅಳಿಸಿತು. ಮತ್ತೆ ಸೇರಿಸಿದರು, ಮತ್ತೆ ಹೋಯಿತು. ನಾಲ್ಕನೇ ಸಲ ಜಲಜಕ್ಕ ಪಟ್ಟಿಗೂ ಸಾಫ್ಟ್‌ವೇರಿಗೂ ಇದ್ದ ಕೊಂಡಿಯನ್ನೇ ಕಳಚಿಹಾಕಿದರು. ಬಾಬು ಉಳಿದರು. ಆಮೇಲೆ ಇನಿಷಿಯಲ್, ಊರು, ಪ್ರಕಾಶಕರು ಎಂದು ನೂರಾರು ತಿದ್ದುಪಡಿಗಳನ್ನು ಆ ಪಟ್ಟಿಯ ಮೇಲೆಯೇ ಮಾಡಿದೆವು.

ವಾರ ಕಳೆದು ನನ್ನ ಮಾರ್ಗದರ್ಶಕ ಗುರುಚರಣ ಅವರಿಂದ ಪ್ರತಿ ವಾಪಸು ಬಂತು. ಬಾಬು ಬಗ್ಗೆ ಅವರದೇನೂ ತಕರಾರಿಲ್ಲ. ಆದರೆ ಇಸವಿ ಕೊನೆಯಲ್ಲಿರಬಾರದಂತೆ, ಹೆಸರಿನ ಪಕ್ಕಕ್ಕೆ ಬರಬೇಕಂತೆ, ಪ್ರತಿಯೊಂದು ಸಾಲಿನಲ್ಲೂ. ಕೊಂಡಿ ಇದ್ದಿದ್ದರೆ ಅರೆ ನಿಮಿಷದ ಕೆಲಸ. ಈಗ ಮತ್ತೆ ಸಾಫ್ಟ್‌ವೇರಿಗೆ ಕೊಟ್ಟರೆ ನಮ್ಮ ತಿದ್ದುಪಡಿಗಳೆಲ್ಲ ನೀರುಪಾಲು. ನಾನು ತಲೆ ಮೇಲೆ ಕೈ ಹೊತ್ತು ಕೂತೆ.

“ಕೈಯಲ್ಲೇ ಮಾಡ್ತೇನೆ ಮೇಡಂ,” ಎಂದರು ಜಲಜಕ್ಕ. “ಕಳಚಿದ್ದು ನಾನೇ ಅಲ್ವಾ.”

ಮೂರು ದಿನ ಹಿಡಿಯಿತು. ನಾನು ಓದುವುದು, ಅವರು ಇಸವಿಯನ್ನು ಎತ್ತಿ ಹೆಸರಿನ ಪಕ್ಕಕ್ಕೆ ಇಡುವುದು. ಇಪ್ಪತ್ತು ಸಾಲಿಗೊಮ್ಮೆ ಕಣ್ಣು ಮುಚ್ಚಿ ಗೋಡೆಗೆ ಒರಗುತ್ತಿದ್ದರು. ಓದಿ ಓದಿ ನನ್ನ ಗಂಟಲು ಒಣಗಿತು.

ಬೈಂಡ್ ಆದ ಪ್ರತಿಯನ್ನು ಒಂದು ಭಾನುವಾರ ಅವರ ಮನೆಗೆ ಒಯ್ದೆ. ಬಾಬಣ್ಣ ಕನ್ನಡಕ ಏರಿಸಿ, ಪಟ್ಟಿಯ ಮೇಲೆ ಬೆರಳಿಟ್ಟು ನಿಧಾನವಾಗಿ ಇಳಿದರು. ಹೆಸರು ಸಿಕ್ಕಿತು. ಬಾಯ್ತುಂಬ ನಕ್ಕರು. ಆಮೇಲೆ ಹಾಳೆಗಳನ್ನು ಹಿಂದಕ್ಕೆ ತಿರುವಿ, ‘ಜ’ ಇರುವಲ್ಲಿ ಎರಡೆರಡು ಸಲ ಹುಡುಕಿದರು.

“ನಿನ್ನದು ಎಲ್ಲಿ ಉಂಟು ಮಾರಾಯ್ತಿ?”

“ಟೈಪ್ ಮಾಡಿದವರದ್ದು ಹಾಕುದಿಲ್ಲ,” ಎಂದು ಜಲಜಕ್ಕ ಒಳಗೆ ಕಾಫಿಗಿಡಲು ಹೋದರು.

ಬಾಬಣ್ಣ ನನ್ನ ಮುಖ ನೋಡಿದರು. ಮೊದಲ ಪುಟಗಳ ಕೃತಜ್ಞತೆಯಲ್ಲಿ ನಾನು ಹನ್ನೊಂದು ಜನರನ್ನು ನೆನೆದಿದ್ದೆ. ಆ ಹನ್ನೊಂದು ಹೆಸರನ್ನೂ ಟೈಪ್ ಮಾಡಿದ್ದು ಜಲಜಕ್ಕನೇ.