ಗಾಡಿ ಮೇಲೊಂದು ಕ್ಯಾರಿಯರ್

ನಮ್ಮ ಪಿಕಪ್ ಗಾಡಿಗೆ ಫೈಬರ್ ಟಾಪು ಕೂರಿಸಿದ್ದು ಹೂವಿಗಾಗಿ. ಮಂಡ್ಯದ ಮಾರುಕಟ್ಟೆಯಿಂದ ಮದುವೆ ಮನೆ ಮುಟ್ಟುವಷ್ಟರಲ್ಲಿ ಬಿಸಿಲಿಗೆ ಮಲ್ಲಿಗೆ ಸೊರಗಿ, ಗಾಳಿಗೆ ಸೇವಂತಿಗೆಯ ಎಸಳು ಉದುರಿ, ಮಂಟಪ ಕಟ್ಟುವ ಹೊತ್ತಿಗೆ ಎಲ್ಲವೂ ನಿನ್ನೆಯ ಹೂವಿನಂತೆ ಕಾಣುತ್ತಿದ್ದವು. ಟಾಪು ಬಂದ ಮೇಲೆ ಆ ಚಿಂತೆ ತಪ್ಪಿತು. ಒದ್ದೆ ಗೋಣಿಚೀಲ ಹಾಸಿ, ಬಾಳೆಎಲೆ ಮುಚ್ಚಿ, ಹಿಂಬಾಗಿಲು ಹಾಕಿಬಿಟ್ಟರೆ ಒಳಗೆ ತಂಪೋ ತಂಪು. ಆದರೆ ಉದ್ದದ ಸಾಮಾನು ಯಾವುದೂ ಹಿಡಿಯದಾಯಿತು. ಬಾಳೆಕಂದನ್ನಾದರೆ ಬಗ್ಗಿಸಿ ತುರುಕಬಹುದು. ಗಳ ಬಗ್ಗುತ್ತದೆಯೇ?

ಗಳ ಎಂದರೆ ನಮ್ಮವ್ವ ಮದುವೆ ಮಂಟಪಕ್ಕೆ ನಿಲ್ಲಿಸುತ್ತಿದ್ದ ನಾಲ್ಕು ಬಿದಿರ ಗಳ. ಅವು ಮಳವಳ್ಳಿಯಲ್ಲಿ ನಮ್ಮಕ್ಕನ ಮನೆಯ ಅಟ್ಟದಲ್ಲಿದ್ದವು. ಅವ್ವ ತೀರಿಹೋದ ಮೇಲೆ ಅಕ್ಕ, ನಾನು ಅವನ್ನೇ ನಿಲ್ಲಿಸಿಕೊಂಡು ಎಷ್ಟೋ ಮದುವೆಗೆ ಹೂವು ಕಟ್ಟಿದೆವು. ಬಲಗಡೆಯ ಎರಡು ಗಳ ಅವಳದು, ಎಡಗಡೆಯವು ನನ್ನವು. ದಾರ ಜಾರದಿರಲಿ ಎಂದು ಅಕ್ಕ ಕುಡುಗೋಲಿನಿಂದ ತನ್ನ ಗಳಕ್ಕೆ ಸಣ್ಣ ಸಣ್ಣ ಕಚ್ಚು ಹಾಕಿಕೊಂಡಿದ್ದಳು. ಅವಳ ಕೈ ಚುರುಕು. ತನ್ನದು ಮುಗಿಸಿ ನನ್ನ ಕಡೆ ಬಂದು, ನಾನು ಕಟ್ಟಿದ ಮಾಲೆಯನ್ನು ಎಳೆದು ನೋಡಿ, "ಇದೇನೇ, ಕಟ್ಟಿದ್ದೀಯೋ ಒಣಗಾಕಿದ್ದೀಯೋ?" ಎನ್ನುತ್ತಿದ್ದಳು.

ಮಂಡಿನೋವು ಬಂದು ಏಣಿ ಹತ್ತಲಾಗದೆ ಅವಳು ಕೆಲಸ ಬಿಟ್ಟಳು. ಆಮೇಲೆ ನಾನು ಬಾಡಿಗೆಗೆ ಕಬ್ಬಿಣದ ಚೌಕಟ್ಟು ತಂದು ಕಟ್ಟುತ್ತಾ ಬಂದೆ. ಕೆಲಸವೇನೋ ಸಲೀಸು. ಆದರೂ ಕಟ್ಟಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿರುತ್ತೇನೆ, ಯಾರೋ ಹಿಂದಿನಿಂದ ಬಂದು ಎಳೆದು ನೋಡಲಿ ಎಂಬಂತೆ.

ಈ ಆಷಾಢದಲ್ಲಿ ಅಕ್ಕ ಫೋನು ಮಾಡಿದಳು. ಅಟ್ಟ ಕೆಡವಿ ಮನೆಗೆ ಮೋಲ್ಡು ಹಾಕಿಸುತ್ತಿದ್ದಾರಂತೆ. "ಸ್ರಾವಣ ಉಟ್ಟೋದ್ರೊಳಗೆ ಬಂದು ತಕ್ಕೊಂಡೋಗು. ಇಲ್ದಿದ್ರೆ ನೀರೊಲೆಗೆ ಇಕ್ಬುಡ್ತೀನಿ" ಎಂದಳು. ನೀನೂ ಬಾ ಅಕ್ಕ, ಏಣಿ ಹತ್ತಬೇಡ, ಕೆಳಗೆ ಕೂತು ಮಾಲೆ ಕಟ್ಟಿಕೊಡು ಎಂದೆ. ಕೇಳಿಸದವಳಂತೆ ಮತ್ತೆ ಗಳದ ಮಾತಿಗೇ ಹೋದಳು.

ಎರಡು ಮೊಳ ಕುಯ್ದರೆ ಒಳಗೇ ಹಿಡಿಯುತ್ತವೆ ಎಂದರು ನಮ್ಮ ಯಜಮಾನರು. ನಾನು ಸಾರಿನ ಪಾತ್ರೆ ಅವರ ಮುಂದಿಟ್ಟು ಹಿತ್ತಿಲಿಗೆ ಹೋದೆ. ಕೈ ತೊಳೆಯಲು ಬಂದವರು, "ಆಯ್ತು ಬುಡಮ್ಮಿ, ಮೇಲುಕ್ಕೊಂದು ಕ್ಯಾರಿಯರ್ ಹಾಕ್ಸಾನ" ಎಂದರು.

ಮಂಡ್ಯದ ಅಂಗಡಿಯಲ್ಲಿ ಹೊಸ ಕ್ಯಾರಿಯರಿಗೆ ಹೇಳಿದ ಬೆಲೆ ಕೇಳಿ, ಹೋದ ದಾರಿಯಲ್ಲೇ ವಾಪಸು ಬಂದೆವು. ಇನ್ನು ಗುಜರಿಯೇ ಗತಿ. ಫೈಬರ್ ಟಾಪಿಗೆ ತೂತು ಕೊರೆಯುವಂತಿಲ್ಲ, ಕೊರೆದರೆ ಮಳೆನೀರು ನೇರ ಹೂವಿನ ಮೇಲೆ. ಎರಡೂ ಪಕ್ಕದ ಅಂಚನ್ನು ಕಚ್ಚಿ ಹಿಡಿಯುವ ಕ್ಲಾಂಪು ಬೇಕು, ಅದರ ಮೇಲೆ ಕಾಲು, ಕಾಲಿನ ಮೇಲೆ ಅಡ್ಡಪೈಪು.

ಆಷಾಢದಲ್ಲಿ ಮದುವೆಯಿಲ್ಲ, ಕೈ ಬಿಡುವಿತ್ತು. ಗಾಡಿ ಮನೆಯಲ್ಲಿ ಬಿಟ್ಟು ಯಜಮಾನರು ನಮ್ಮೂರು ಹನಕೆರೆಯಿಂದ ರೈಲಿನಲ್ಲಿ ಮಂಡ್ಯಕ್ಕೆ ಹೋದರು. ಗುಜರಿಯಲ್ಲಿ ಒಳ್ಳೆಯ ಪೈಪು ಸಿಕ್ಕಿದೆ, ಅಗಲ ಎಷ್ಟು ಬೇಕು ಎಂದು ಅಲ್ಲಿಂದ ಫೋನು ಮಾಡಿದರು. ನಾನು ಸ್ಟೂಲು ಹತ್ತಿ ಅಳೆದು, ಮೂರು ಮೊಳ ಒಂದು ಗೇಣು ಎಂದೆ. ಹುಟ್ಟಿದಾಗಿನಿಂದ ಹೂವು ಅಳೆದ ಕೈ, ಬೇರೆ ಅಳತೆ ತೋಚಲೇ ಇಲ್ಲ. ಅವರೂ ಮೊಳಕೈ ಊರಿ, ಮೂರು ಮೊಳ ಒಂದು ಗೇಣು ಅಳೆದು ಕುಯ್ಯಿಸಿಕೊಂಡು ಬಂದರು. ಅವರ ಕೈ ನನ್ನದಕ್ಕಿಂತ ಎಷ್ಟು ಉದ್ದ ಎಂಬುದು ಇಷ್ಟು ವರ್ಷ ಸಂಸಾರ ಮಾಡಿದ ಇಬ್ಬರಿಗೂ ಹೊಳೆಯಲಿಲ್ಲ. ಟಾಪಿನ ಮೇಲೆ ಇಟ್ಟು ನೋಡಿದರೆ ಪೈಪು ಎರಡೂ ಕಡೆ ಚಾಚಿಕೊಂಡು, ಗಾಡಿ ಕೊಂಬು ಅಗಲಿಸಿಕೊಂಡ ಎಮ್ಮೆಯ ಹಾಗೆ ನಿಂತಿತ್ತು.

ಅದೇ ಪೈಪು ಹೇರಿಕೊಂಡು ಮದ್ದೂರಿನ ಗುಜರಿಗೆ ಹೋದೆವು. ಅಂಗಡಿಯ ಸಾಹೇಬರು ವಯಸ್ಸಾದವರು. ನಮ್ಮ ಕತೆ ಕೇಳಿ ಕೆಮ್ಮು ಬರುವಷ್ಟು ನಕ್ಕರು. "ಅಮ್ಮಾ, ಮೊಳ ಹೂವಿಗೆ ಸರಿ. ಒಂದು ಬೆರಳು ಹೆಚ್ಚುಕಮ್ಮಿ ಆದ್ರೆ ಜಡೆ ಏನೂ ಅನ್ನಲ್ಲ. ಕಬ್ಬಿಣ ಕೇಳ್ತದಾ?" ಎಂದು ಟೇಪು ತೆಗೆದು ತಾವೇ ಅಳೆದರು. ರಾಶಿಯಲ್ಲಿ ಹುಡುಕಿ ಯಾವುದೋ ಹಳೇ ಕಾರಿನ ಕ್ಯಾರಿಯರಿನ ಎರಡು ಕಾಲು, ಇನ್ಯಾವುದೋ ವ್ಯಾನಿನ ಎರಡು ಕಾಲು ಕೊಟ್ಟರು. ಜೊತೆಗೆ ಕ್ಲಾಂಪುಗಳೂ ಸಿಕ್ಕವು. ಪಕ್ಕದ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ತುಂಡರಿಸಿ, ಕಾಲಿನ ಎತ್ತರ ಸರಿಮಾಡಿಸಿ, ಅಂಚು ಸವೆಯದಿರಲೆಂದು ಟ್ಯೂಬಿನ ರಬ್ಬರು ಕತ್ತರಿಸಿ ಕ್ಲಾಂಪಿನಡಿ ಇಟ್ಟು ಬಿಗಿಸಿದೆವು. ಖರ್ಚು ನಮ್ಮ ಕೈಗೆಟುಕುವಷ್ಟರಲ್ಲೇ ಮುಗಿಯಿತು.

ಅಲ್ಲಿಂದ ನೇರ ಮಳವಳ್ಳಿಗೆ. ಅಕ್ಕ ಆಗಲೇ ಆಳಿನ ಕೈಲಿ ಗಳ ಇಳಿಸಿ, ಧೂಳು ತೊಳೆಸಿ, ಗೋಡೆಗೆ ಒರಗಿಸಿದ್ದಳು. ಗಾಡಿ ಹಿಡಿದುಕೊಂಡು ಅದರ ಸುತ್ತ ಬಂದು ಕ್ಯಾರಿಯರ್ ನೋಡಿದಳು.

"ನನ್ನಂಗೇ ಆಗದೆ ಕಣೆ ಇದೂ. ಒಂದೊಂದು ಕಾಲು ಒಂದೊಂದು ತರ."

ಮುದ್ದೆ ಊಟವಾಯಿತು. ಯಜಮಾನರು ಮೂರು ಗಳ ಹೇರಿ ನಾಲ್ಕನೆಯದಕ್ಕೆ ಬಂದರೆ, ಅಕ್ಕ ಅದನ್ನು ಹಿಡಿದುಕೊಂಡು ನಿಂತಿದ್ದಳು.

"ಇದು ಇರ್ಲಿ. ಬಟ್ಟೆ ಒಣಗಾಕಕ್ಕೆ ಬೇಕು."

"ಮೂರು ತಕ್ಕೊಂಡೋಗಿ ಏನ್ ಮಾಡದಕ್ಕ?" ಎಂದರು ಯಜಮಾನರು.

"ಮದ್ವೆ ಇದ್ದಾಗ ಬಂದು ತಕ್ಕೊಂಡೋಗಿ, ಮುಗುದ್ಮೇಲೆ ತಂದ್ಕೊಡಿ. ಮಳವಳ್ಳಿ ಏನು ಕಾಸೀಲಿ ಅದಾ?"

ಅಂಗಳದಲ್ಲಿ ಗೋಡೆಯಿಂದ ನುಗ್ಗೆಮರಕ್ಕೆ ತಂತಿ ಎಳೆದಿತ್ತು. ಅದರ ಮೇಲೆ ಬಟ್ಟೆ ಒಣಗುತ್ತಲೇ ಇತ್ತು. ಅವಳ ಕೈಯಲ್ಲಿದ್ದುದು ಕಚ್ಚು ಹಾಕಿದ ಗಳ, ಬಲಗಡೆಯದು. ಬೆರಳು ಆ ಕಚ್ಚುಗಳ ಮೇಲೇ ಓಡಾಡುತ್ತಿತ್ತು. ಇರಲಿ ಬಿಡಿ ಎಂದು ನಾನೇ ಯಜಮಾನರಿಗೆ ಹೇಳಿ ಹಗ್ಗ ಬಿಗಿದೆ. ಅಕ್ಕ ಬಂದು ನನ್ನ ಗಂಟನ್ನು ಎಳೆದು ನೋಡಿದಳು. ಬಿಚ್ಚಿ ತಾನೇ ಇನ್ನೊಂದು ಸಲ ಕಟ್ಟಿದಳು.

ದಾರಿಯಲ್ಲಿ ಯಜಮಾನರು, ಮದ್ದೂರಿನಲ್ಲಿ ಒಂದು ಬಿದಿರು ಕೊಂಡರೆ ನಾಲ್ಕಾಗುತ್ತದಲ್ಲ ಎಂದರು. ನೋಡೋಣ ಎಂದೆ. ಮದ್ದೂರು ಬಂದಾಗ ಅವರು ಗಾಡಿ ನಿಧಾನ ಮಾಡಿದರು. ನಾನು ಆಚೆ ಕಡೆ ನೋಡುತ್ತಾ ಕೂತೆ. ಅವರು ಗೇರು ಬದಲಿಸಿ ಮುಂದೆ ಹೊರಟರು.

ಶ್ರಾವಣದ ಮೊದಲ ಮದುವೆ ನಿಡಘಟ್ಟದಲ್ಲಿ ಒಪ್ಪಿಕೊಂಡಿದ್ದೇವೆ. ಮಳವಳ್ಳಿ ಬೇರೆಯೇ ದಿಕ್ಕು, ಡೀಸೆಲ್ಲು ದಂಡ ಎಂದು ಯಜಮಾನರು ಗೊಣಗುತ್ತಲೇ ಇದ್ದಾರೆ. ನಿನ್ನೆ ಅಕ್ಕನಿಗೆ ಫೋನು ಮಾಡಿ, ಗಳಕ್ಕೆ ಬರುತ್ತೇವೆ, ಮುಂದಿನ ಸೀಟಿನಲ್ಲಿ ಮೂವರು ಕೂರಬಹುದು ಎಂದೆ. ಎಷ್ಟೊತ್ತಿಗೆ ಬರುತ್ತೀರಿ ಎಂದಳು. ಬೆಳಗಾಗುತ್ತಲೇ ಎಂದೆ.

"ಹೂವು ಯಾವ್ದು?" ಎಂದಳು.