ಎಡಗೈ ಹೆಬ್ಬೆರಳಿನ ಉಗುರು

ಆಚಾರಿಯವರ ಎಡಗೈ ಹೆಬ್ಬೆರಳಿನ ಉಗುರಿನ ತುಂಬ ತೆಳ್ಳಗಿನ ಬಿಳಿ ಗೀರುಗಳಿದ್ದವು. ಮೊದಲ ಸಲ ನೋಡಿದಾಗ ಇದೇನೋ ಚರ್ಮದ ಕಾಯಿಲೆ ಇರಬೇಕು, ಮುಲಾಮು ಹಚ್ಚಬೇಕು ಎಂದು ನನ್ನೊಳಗಿನ ನರ್ಸ್ ಅಂದುಕೊಂಡಳು. ಆಮೇಲೆ ಗೊತ್ತಾಯಿತು. ಮಸೆದ ಉಳಿಯ ಅಲಗನ್ನು ಅವರು ಭಾರ ಹಾಕದೆ, ಓರೆಯಾಗಿ ಆ ಉಗುರಿನ ಮೇಲೆ ಇಡುತ್ತಿದ್ದರು. ಅಲಗು ಜಾರಿದರೆ ಮೊಂಡು, ಮತ್ತೆ ಕಲ್ಲಿಗೆ ಹೋಗಬೇಕು. ಕಚ್ಚಿಕೊಂಡು ನಿಂತರೆ ಹರಿತ. ದಿನಕ್ಕೆ ಹತ್ತು ಹದಿನೈದು ಉಳಿಗಳು ಹಾಗೆ ಪರೀಕ್ಷೆ ಬರೆದು ಹೋಗುತ್ತಿದ್ದ ಉಗುರು ಅದು.

ನಮ್ಮ ಪೀಠೋಪಕರಣದ ಶೆಡ್ಡು ಇರುವುದು ಬಿಕರ್ನಕಟ್ಟೆಯಿಂದ ಸ್ವಲ್ಪ ಒಳಗೆ. ಪಪ್ಪ ಕಟ್ಟಿದ್ದು. ನಾನು ಕುವೈತಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಒಂಬತ್ತು ವರ್ಷ ಡಾಕ್ಟರರ ಕೈಗೆ ಕತ್ತರಿ ಚಿಮಟ ಕೊಟ್ಟವಳು. ಪಪ್ಪ ತೀರಿಕೊಂಡಾಗ ಮಣ್ಣಿಗೆಂದು ಬಂದೆ, ಶೆಡ್ಡಿಗೆ ಬೀಗ ಹಾಕಿ ವಾಪಸು ಹೋಗುವುದೆಂದು ತೀರ್ಮಾನವಾಗಿತ್ತು. ಆದರೆ ಬೀಗ ಹಾಕಲು ಹೋದ ದಿನ ಪಪ್ಪನ ಕಾಲದಿಂದ ಅಲ್ಲಿದ್ದ ಆಚಾರಿಯವರು ಒಂದು ಉಳಿಯನ್ನು, ಹಿಡಿ ನನ್ನ ಕಡೆಗೆ ಬರುವಂತೆ, ನನ್ನ ಅಂಗೈಯಲ್ಲಿಟ್ಟರು. ಥಿಯೇಟರಿನಲ್ಲಿ ನಾವು ಕೊಡುವ ಕ್ರಮವೂ ಅದೇ. “ನಿಮಗೆ ಹಿಡೀಲಿಕ್ಕೆ ಬರ್ತದೆ ಬಾಯಿ. ಉಳಿದದ್ದು ನಾನು ಹೇಳಿಕೊಡ್ತೇನೆ” ಎಂದರು. ಇಲ್ಲಿ ತುಳು ಮಾತನಾಡುವವರು ನಮ್ಮ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವುದೇ ಬಾಯಿ ಎಂದು. ಆ ಒಂದು ಮಾತಿಗೆ ನಾನು ಉಳಿದುಬಿಟ್ಟೆ. ಮನೆಯವರಿಗೆಲ್ಲ ನನ್ನ ತಲೆ ಕೆಟ್ಟಿದೆ ಅನ್ನಿಸಿತು.

ಅವರು ಹೇಳಿಕೊಟ್ಟದ್ದಕ್ಕೆ ಲೆಕ್ಕವಿಲ್ಲ. ಸಾಮಾನು ಕೊಳ್ಳಲು ಬಂದರಿನ ಹಾರ್ಡ್‌ವೇರ್ ಅಂಗಡಿಗೆ ಹೋದರೆ ಇಪ್ಪತ್ತು ಉಳಿ ಹರಡಿಸಿ, ಒಂದೊಂದನ್ನೂ ಎರಡು ಬೆರಳಲ್ಲಿ ತೂಗಾಡಿಸಿ ಉಗುರಿನಿಂದ ಬಡಿದು ಕಿವಿಗೊಡುವರು. ನಾದ ಎಳೆದುಕೊಂಡು ಹೋಗಬೇಕು. ತಟ್ಟೆಂದು ನಿಂತರೆ ಉಕ್ಕಿನೊಳಗೆ ಎಲ್ಲೋ ಬಿರುಕುಂಟು ಎಂದು ಅರ್ಥ. ಅಂಗಡಿಯವನಿಗೆ ತಾಳ್ಮೆ ಕೆಟ್ಟು, “ಎಂತ ಆಚಾರ್ರೆ, ಮದುವೆಗೆ ಹುಡುಗಿ ನೋಡ್ಲಿಕ್ಕೆ ಬಂದದ್ದಾ?” ಎಂದ ಒಮ್ಮೆ.

“ಹುಡುಗಿ ಆದ್ರೆ ಹೇಗಾದ್ರೂ ಹೊಂದಿಕೊಳ್ತಾಳೆ ಮಾರಾಯ. ಉಳಿ ಹೊಂದಿಕೊಳ್ಳುವುದಿಲ್ಲ.”

ಮದುವೆಯೇ ಬೇಡವೆಂದು ಕೂತ ನಾನು ಪಕ್ಕದಲ್ಲೇ ನಿಂತಿದ್ದೆ. ಬೇರೆ ಯಾರಾದರೂ ಆ ಮಾತು ಆಡಿದ್ದರೆ ಬಿಡುತ್ತಿರಲಿಲ್ಲ, ಅವರ ಬಾಯಿಂದ ಬಂದಾಗ ನಗು ಬಂತು.

ಹಿಡಿಗೆ ಪೇರಳೆ ಮರವೇ ಆಗಬೇಕು, ಸುತ್ತಿಗೆಯಲ್ಲಿ ಎಷ್ಟು ಹೊಡೆದರೂ ಸೀಳುವುದಿಲ್ಲ. ಹಲಸಿನ ಹಲಗೆಗೆ ಉಳಿ ಹಿಡಿಯುವ ಕೋನ ಒಂದು, ಸಾಗುವಾನಿಗೆ ಇನ್ನೊಂದು. ಕೀಸುಳಿಯನ್ನು ಎಂದೂ ಅಲಗಿನ ಮೇಲೆ ನಿಲ್ಲಿಸಬಾರದು, ಮಗ್ಗುಲಿಗೆ ಮಲಗಿಸಬೇಕು. ಅವರು ದೊಡ್ಡ ಕೀಸುಳಿ ಹಿಡಿದು ಹಲಗೆ ನಯಮಾಡುವಾಗ ಬರುತ್ತಿದ್ದ ಸುರುಳಿಗಳು ಉಸಿರು ಬಿಟ್ಟರೆ ಹಾರುವಷ್ಟು ತೆಳು. “ಮೊಂಡು ಉಳಿಯೇ ಕೈ ಕೊಯ್ಯುವುದು” ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹರಿತವಾದದ್ದು ಹೇಳಿದಲ್ಲಿಗೆ ಹೋಗುತ್ತದೆ, ಮೊಂಡಾದದ್ದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗ ಅದು ಜಾರುತ್ತದೆ.

ಒಂದನ್ನು ಮಾತ್ರ ಅವರು ಹೇಳಿಕೊಡಲಿಲ್ಲ. ಮಸೆಯುವುದನ್ನು. ಬೆಳಿಗ್ಗೆ ಏಳಕ್ಕೆ ನಾವು ಶೆಡ್ಡಿಗೆ ಬರುವಷ್ಟರಲ್ಲಿ ಹಿಂಭಾಗದ ನಲ್ಲಿಯ ಹತ್ತಿರ ಬೆನ್ನು ತಿರುಗಿಸಿ ಕೂತು ಅವರು ಎಲ್ಲರ ಉಳಿಗಳನ್ನೂ ಮಸೆದು ಮುಗಿಸಿರುತ್ತಿದ್ದರು. ಕಲ್ಲು ಅವರದೇ, ಮನೆಯಿಂದ ಚೀಲದಲ್ಲಿ ತಂದು ಚೀಲದಲ್ಲೇ ಒಯ್ಯುವರು. ನಾನು ಹತ್ತಿರ ಹೋದರೆ, “ಬೇಡ ಬಾಯಿ, ಕೈಯೆಲ್ಲ ಕೊಳೆ ಆಗ್ತದೆ” ಎನ್ನುವರು. ಒಂಬತ್ತು ವರ್ಷ ರಕ್ತ ತೊಳೆದವಳಿಗೆ ಕೊಳೆಯ ಭಯ! ಅದನ್ನು ನಾನು ಅಕ್ಕರೆ ಎಂದುಕೊಂಡೆ. ಆರು ವರ್ಷ ಹಾಗೆಯೇ ಅಂದುಕೊಂಡಿದ್ದೆ.

ಪಪ್ಪನ ಕಾಲದಿಂದಲೂ ನಮ್ಮ ಶೆಡ್ಡಿನಲ್ಲಿ ಆಯುಧಪೂಜೆ ತಪ್ಪಿಲ್ಲ. ಗೋಡೆಯಲ್ಲಿ ಯೇಸುವಿನ ಪಟ, ಕೆಳಗೆ ಬೆಂಚಿನ ಮೇಲೆ ಬಾಳೆಲೆ ಹಾಸಿ ತೊಳೆದಿಟ್ಟ ಗರಗಸ, ಉಳಿ, ಕೀಸುಳಿ, ಅವಕ್ಕೆ ಗಂಧ, ಹೂವು. ಆಮೇಲೆ ಎಲ್ಲರಿಗೂ ಅವಲಕ್ಕಿ. ಯಾವ ಆಯುಧ ಎಲ್ಲಿ ಪೂಜೆಗೆ ಕೂರುತ್ತದೋ ಆ ವರ್ಷದ ಅನ್ನ ಅದಕ್ಕೆ ಅಲ್ಲೇ ಎಂಬುದು ಆಚಾರಿಯವರೇ ನನಗೆ ಹೇಳಿದ ಮಾತು. ಹಾಗಾಗಿ ಅವರು ತಮ್ಮ ಸ್ವಂತದ ಪೆಟ್ಟಿಗೆಯನ್ನೂ ಪ್ರತಿ ವರ್ಷ ನಮ್ಮಲ್ಲೇ ಇಡುತ್ತಿದ್ದರು. ಕೊನೆಯ ವರ್ಷ ಗಂಧ ಹಚ್ಚುವಾಗ ನನ್ನ ಕಣ್ಣು ಅಭ್ಯಾಸಬಲದಿಂದ ಎಣಿಸಿತು. ಥಿಯೇಟರಿನಲ್ಲಿ ಹೊಲಿಗೆ ಹಾಕುವ ಮುಂಚೆ ಸಲಕರಣೆ ಎಣಿಸದೆ ಬಿಡುವಂತಿಲ್ಲ.

“ಆಚಾರ್ರೆ, ನಿಮ್ಮ ದೊಡ್ಡ ಕೀಸುಳಿ ಎಲ್ಲಿ?”

“ಮನೆಯಲ್ಲಿ ಉಂಟು ಬಾಯಿ. ಹಿಡಿ ಸ್ವಲ್ಪ ಸಡಿಲ ಆಗಿದೆ.”

ಪೆಟ್ಟಿಗೆಯೂ ಇರಲಿಲ್ಲ. ಎಣಿಕೆ ತಪ್ಪಿದಾಗ ಆಪರೇಷನ್ನನ್ನೇ ನಿಲ್ಲಿಸುತ್ತಿದ್ದವಳು ಅಂದು ಅವಲಕ್ಕಿಯ ತಟ್ಟೆ ಹಂಚಲು ಹೋದೆ.

ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಅವರು ಬರಲಿಲ್ಲ. ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ. ಜ್ವರವಿರಬೇಕೆಂದು ಮಾತ್ರೆ ಕಟ್ಟಿಕೊಂಡು ಹೊರಟವಳನ್ನು ಲೋಕೇಶ ತಡೆದ. ಅವನು ಶೆಡ್ಡಿಗೆ ಪಾಲಿಶ್ ಕೆಲಸಕ್ಕೆಂದು ಬಂದವನು, ಎರಡು ಮಕ್ಕಳ ತಂದೆ, ಮರದ ಜೋಡಣೆಯನ್ನು ನನ್ನ ಜೊತೆಗೇ ಆಚಾರಿಯವರಿಂದ ಕಲಿತವನು. ನೆಲ ನೋಡುತ್ತ ಹೇಳಿದ: “ಬಾಯಿ, ಅವರು ಕೊಡಿಯಾಲ್‌ಬೈಲಿನ ಫರ್ನಿಚರ್ ಶೋರೂಮಿಗೆ ಸೇರಿದ್ದಾರೆ. ನಿಮಗೆ ಗೊತ್ತುಂಟು ಅಂತ ನಾನು ಗ್ರಹಿಸಿದ್ದು.” ಚಹಾದಂಗಡಿಯವರಿಗೂ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ಹೋಗಲಿ, ಮನುಷ್ಯ ಕೆಲಸ ಬಿಡುವುದು ಲೋಕದಲ್ಲಿ ಹೊಸದಲ್ಲ. ಆದರೆ ಮೂರು ವಾರದಲ್ಲಿ ಶೆಡ್ಡಿನ ಉಳಿಗಳೆಲ್ಲ ಮೊಂಡಾದವು. ಲೋಕೇಶ ಹೊಸ ಕಲ್ಲು ತಂದು ಉಜ್ಜಿದ, ನಾನೂ ಉಜ್ಜಿದೆ. ಅಲಗು ಹೊಳೆಯಿತು, ಕತ್ತರಿಸಲಿಲ್ಲ. ಬಿಜೈಯ ಮನೆಯೊಂದಕ್ಕೆ ಎಂಟು ಕುರ್ಚಿಗಳು ಆಗಬೇಕಿತ್ತು. ಕೆಲವು ತಿಂಗಳ ಹಿಂದೆ ನಾನು ತಂದಿದ್ದ ಯಂತ್ರ ಕೊರೆದ ತೂತಿನ ಮೂಲೆ ಬಿಡಿಸಲು ಲೋಕೇಶ ಬಲ ಹಾಕಿದ. ಉಳಿ ಜಾರಿ ಅಂಗೈಯನ್ನು ಉದ್ದಕ್ಕೆ ಸೀಳಿತು. ಗಾಯ ಒತ್ತಿಹಿಡಿದು ಆಸ್ಪತ್ರೆಗೆ ಕರೆದೊಯ್ದೆ, ನಾಲ್ಕು ಹೊಲಿಗೆ. ಬಂದ ಮೇಲೆ ಆ ಉಳಿಯನ್ನು ನನ್ನ ಉಗುರಿನ ಮೇಲಿಟ್ಟು ನೋಡಿದೆ. ಸಾಬೂನಿನ ಮೇಲೆ ಜಾರಿದ ಹಾಗೆ ಜಾರಿತು. ಆಗ ನನಗೆ ಸಿಟ್ಟು ನೆತ್ತಿಗೇರಿತು. ಮೊಂಡು ಉಳಿ ಕೈ ಕೊಯ್ಯುತ್ತದೆ ಎಂದು ನಿತ್ಯ ಹೇಳುತ್ತಿದ್ದವರಿಗೆ, ತಾವು ಹೋದ ಮೇಲೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆಂದು ಗೊತ್ತಿರಲಿಲ್ಲವೇ?

ಮರುದಿನವೇ ಕೊಡಿಯಾಲ್‌ಬೈಲಿಗೆ ಹೋದೆ. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಎಲ್ಲಿಂದಲೋ ರಟ್ಟಿನ ಪೆಟ್ಟಿಗೆಯಲ್ಲಿ ಬಂದ ಸೋಫಾಗಳು. ನಡುವೆ ಒಂದು ಎತ್ತರದ ಜಗಲಿ ಮಾಡಿ, ಹೊಸ ಏಪ್ರನ್ ತೊಡಿಸಿ ನಮ್ಮ ಆಚಾರಿಯವರನ್ನು ನಿಲ್ಲಿಸಿದ್ದರು. ಅವರು ಹಲಗೆಯೊಂದನ್ನು ಕೀಸುತ್ತಿದ್ದರು. ಅದರಿಂದ ಏನನ್ನೂ ಮಾಡುವುದಿರಲಿಲ್ಲ, ಬಂದವರಿಗೆ ಇಲ್ಲಿಯದೆಲ್ಲ ಕೈಕೆಲಸ ಎಂದು ಕಾಣಬೇಕು, ಅಷ್ಟೇ. ಒಬ್ಬಳು ಹುಡುಗಿ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದಳು.

ನನ್ನನ್ನು ನೋಡಿ ಕೈ ನಿಲ್ಲಿಸಿದರು. “ಬನ್ನಿ ಬಾಯಿ. ಎಂತ ನೋಡ್ಲಿಕ್ಕೆ ಬಂದದ್ದು?” ಗಿರಾಕಿಗೆ ಕೇಳುವ ದನಿ.

ಲೋಕೇಶನ ಕೈ ವಿಷಯ ಹೇಳಿದೆ. ಅವರ ಮುಖ ಇಳಿಯಿತು. “ಮಸೆಯುವುದೊಂದನ್ನು ಯಾಕೆ ಕಲಿಸಲಿಲ್ಲ ಆಚಾರ್ರೆ?” ಎಂದು ಕೇಳಿದೆ.

ಅವರು ಸುಳ್ಳು ಹೇಳಲಿಲ್ಲ. “ಅದನ್ನೂ ಕಲಿಸಿದ್ರೆ ಮತ್ತೆ ನಾನು ಎಂತಕ್ಕೆ ಬಾಯಿ ನಿಮಗೆ? ನಿಮ್ಮ ಮಷಿನ್ ಬಂದ ದಿನ ನೀವೇ ಹೇಳಿದ್ದು, ಇನ್ನು ಆಚಾರ್ರಿಗೆ ಆರಾಮ ಅಂತ.”

ಹೇಳಿದ್ದೆ, ನಿಜ. ಆರು ತಿಂಗಳ ಹಿಂದೆ, ಗಿರಾಕಿಯೊಬ್ಬರ ಎದುರು, ಪ್ರೀತಿಯಿಂದಲೇ. ಅವರ ಮೊಣಕೈ ನೋವು ನೋಡಲಾರದೆ ತಂದ ಯಂತ್ರ ಅದು. ಆದರೆ ಕಲ್ಲಿಗೆ ಬೆನ್ನು ಅಡ್ಡ ಹಿಡಿದದ್ದು ಆರು ತಿಂಗಳಿಂದ ಅಲ್ಲ, ಆರು ವರ್ಷದಿಂದ. ನಾನು ಅವರನ್ನು ಪಪ್ಪನ ಜಾಗದಲ್ಲಿ ಇಟ್ಟಿದ್ದೆ. ಅವರು ಮೊದಲ ದಿನದಿಂದಲೇ ನಾನು ಯಾವಾಗ ಹೊರಗೆ ಹಾಕುತ್ತೇನೋ ಎಂದು ಕಾದಿದ್ದರು.

ಬಗ್ಗಿ ಕೆಳಗೆ ಬಿದ್ದಿದ್ದ ಒಂದು ಸುರುಳಿ ಎತ್ತಿಕೊಂಡೆ. ದಪ್ಪವಾಗಿತ್ತು, ಅಂಚು ಹರಿದಿತ್ತು. ಕೀಸುಳಿಯ ಅಲಗು ಮಸೆದು ಎಷ್ಟೋ ದಿನವಾಗಿತ್ತು. ನಾನು ನೋಡಿದ್ದನ್ನು ಅವರೂ ನೋಡಿದರು.

“ಇಲ್ಲಿಗೆ ಇದು ಸಾಕು” ಎಂದರು ಮೆಲ್ಲಗೆ. “ಇಲ್ಲಿ ಯಾರು ಅಲಗು ನೋಡ್ತಾರೆ?”

ನನ್ನನ್ನು ಬಿಟ್ಟು ಹೋದದ್ದನ್ನಾದರೂ ಕ್ಷಮಿಸಬಹುದಿತ್ತು. ಆ ಮಾತನ್ನು ಕ್ಷಮಿಸಲಾಗಲಿಲ್ಲ. ಮತ್ತೆ ಆ ಬಾಗಿಲು ತುಳಿಯಲಿಲ್ಲ. ಅವರಿಗೆ ಹಟವಿದ್ದರೆ ನನಗೂ ಉಂಟು. ಮೂರು ಒಳ್ಳೆಯ ಉಳಿಗಳನ್ನು ಹಾಳುಮಾಡಿ, ಬೈಸಿಕೊಳ್ಳಲು ಕೂಡ ಯಾರಿಲ್ಲದೆ, ನಾಲ್ಕು ತಿಂಗಳು ಉಜ್ಜಿದೆ. ಅಲಗಿನ ಬೆನ್ನು ಮೊದಲು ಸಪಾಟಾಗಬೇಕು ಎಂಬ ಚಿಕ್ಕ ಸಂಗತಿ ತಿಳಿಯಲು ಅಷ್ಟು ದಿನ ಬೇಕಾಯಿತು. ಅವರು ಹೇಳಿದ್ದರೆ ಒಂದು ಬೆಳಗಿನ ಮಾತು. ಈಗ ನಮ್ಮಲ್ಲಿಗೆ ಯಾರೇ ಕೆಲಸಕ್ಕೆ ಬಂದರೂ ಮೊದಲು ಕಲ್ಲಿನ ಮುಂದೆ ಕೂರಿಸುತ್ತೇನೆ. ಲೋಕೇಶ ನನಗಿಂತ ಚೆನ್ನಾಗಿ ಮಸೆಯುತ್ತಾನೆ.

ಎರಡು ವರ್ಷದ ಮೇಲೆ ಅವರು ಹೃದಯಾಘಾತದಿಂದ ತೀರಿಕೊಂಡರು. ಹೋಗುವುದಿಲ್ಲ ಎಂದೇ ಇದ್ದೆ. ಲೋಕೇಶ ಸ್ಕೂಟರ್ ತಂದು ಬಾಗಿಲಲ್ಲಿ ನಿಲ್ಲಿಸಿದ.

ಚಾವಡಿಯಲ್ಲಿ ಮಲಗಿಸಿದ್ದರು. ಅವರ ಹೆಂಡತಿ ನನ್ನ ಕೈ ಹಿಡಿದು, “ಅಲ್ಲಿಗೆ ಹೋದ ಮೇಲೆ ಹತ್ತು ಗಂಟೆಗೆ ಏಳ್ತಿದ್ರು ಬಾಯಿ. ನಿಮ್ಮಲ್ಲಿಗೆ ಬರ್ತಿದ್ದಾಗ ಐದಕ್ಕೇ ಎದ್ದು ಕಲ್ಲು ತೊಳೀತಿದ್ರು” ಎಂದರು. ನಾನು ಪ್ರಾರ್ಥನೆ ಮಾಡಲು ನಿಂತೆ, ಆದರೆ ಕಣ್ಣು ಎದೆಯ ಮೇಲೆ ಜೋಡಿಸಿದ್ದ ಅವರ ಕೈಗಳ ಮೇಲೆಯೇ ಇತ್ತು. ಎಡಗೈ ಹೆಬ್ಬೆರಳು ಮೇಲಿತ್ತು. ಉಗುರು ಮಗುವಿನದರಂತೆ ನುಣ್ಣಗಿತ್ತು. ಒಂದೇ ಒಂದು ಗೀರು ಇರಲಿಲ್ಲ.

ಎರಡು ವರ್ಷ ಹಿಡಿದಿಟ್ಟಿದ್ದ ಅಳು ಅಲ್ಲಿ ಬಂತು. ಸಿಟ್ಟು ಇಳಿದು ಬಂದ ಅಳುವಲ್ಲ, ಸಿಟ್ಟು ಈಗಲೂ ಉಂಟು. ಕೈ ಮುಗಿಯಬೇಕಿತ್ತು. ಮುಗಿಯುವ ಮೊದಲು, ಯಾರಿಗೂ ಕಾಣದಂತೆ, ಬಿಳಿ ಗೀರುಗಳಿಂದ ತುಂಬಿದ ನನ್ನ ಎಡಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ.