ಐದೂ ಸ್ವರವಿರುವ ಶಬ್ದಗಳು

ರಾಜೇಶ್ವರಿ ಬಸವಕಲ್ಯಾಣದ ಗ್ರಂಥಾಲಯಕ್ಕೆ ದಿನಗೂಲಿ ಸಹಾಯಕಿಯಾಗಿ ಸೇರಿ ಆರು ವರ್ಷವಾಗಿತ್ತು. ಬೆಳಿಗ್ಗೆ ಬಾಗಿಲು ತೆಗೆದು ಕಸ ಗುಡಿಸುವುದು, ಪತ್ರಿಕೆಗಳನ್ನು ಉದ್ದನೆಯ ಮೇಜಿನ ಮೇಲೆ ಹರಡುವುದು, ಸಂಜೆ ಬೀಗ ಜಡಿಯುವುದು ಅವಳ ಕೆಲಸ. ಬರುವವರು ಪೇಪರ್ ಓದಿ ಎದ್ದು ಹೋಗುತ್ತಿದ್ದರು. ಪರೀಕ್ಷೆಗೆ ಓದುವ ಹುಡುಗಿಯರು ಫ್ಯಾನಿನ ಕೆಳಗಿನ ಜಾಗ ಹಿಡಿದು ಕೂತರೆ ತಲೆ ಎತ್ತುತ್ತಿರಲಿಲ್ಲ. ಎಷ್ಟೋ ದಿನ ಅವಳ ಬಾಯಿಂದ ಹತ್ತು ಮಾತು ಕೂಡ ಹೊರಡುತ್ತಿರಲಿಲ್ಲ. ಮೊದಮೊದಲು ಅದು ಭಾರವೆನಿಸಿತ್ತು, ಆಮೇಲೆ ರೂಢಿಯಾಯಿತು.

ಹುಡಗಿ ಎಂಬ ಊರಿನಲ್ಲಿ ಹುಟ್ಟಿ, ಪಿಯುಸಿ ಮುಗಿಸಿ, ಹತ್ತೊಂಬತ್ತಕ್ಕೆ ಮನ್ನಾಏಖೇಳ್ಳಿಗೆ ಮದುವೆಯಾಗಿ ಹೋದವಳು ಅವಳು. ಗಂಡ ಸಂಜುಕುಮಾರನದು ಹೈವೇ ಬದಿಯಲ್ಲಿ ಪಂಕ್ಚರ್ ಅಂಗಡಿ. ನಾಲ್ಕು ವರ್ಷ ಸಂಸಾರ ಮಾಡಿದ. ಒಂದು ಮಧ್ಯಾಹ್ನ, ಸೋಲಾಪುರಕ್ಕೆ ಹೋಗಿ ಟ್ಯೂಬು ತರುತ್ತೇನೆಂದು ಪರಿಚಯದ ಲಾರಿ ಹತ್ತಿದವನು ತಿರುಗಿ ಬರಲಿಲ್ಲ. ಭಿವಂಡಿಯಲ್ಲಿ ಬೇರೆ ಮನೆ ಮಾಡಿದ್ದಾನೆಂದು ಮೂರು ವರ್ಷದ ಮೇಲೆ ಗೊತ್ತಾಯಿತು. ಅವಳು ಜಗಳಕ್ಕೆ ಹೋಗಲಿಲ್ಲ. ಅಣ್ಣನ ಮನೆಯಲ್ಲಿ ಹದಿನೇಳು ವರ್ಷ ಕಳೆದಳು, ಆಮೇಲೆ ಈ ಕೆಲಸ ಸಿಕ್ಕಿತು. ಕೋಟೆಯ ಕಡೆ ಹೋಗುವ ಓಣಿಯಲ್ಲಿ ಒಂದು ಖೋಲಿ ಹಿಡಿದು ಒಬ್ಬಳೇ ಇದ್ದಳು.

ಗ್ರಂಥಾಲಯದ ಮೂಲೆಯ ಗಾಜಿನ ಕಪಾಟಿನಲ್ಲಿ ಬೀಗ ಹಾಕಿಟ್ಟ ದಪ್ಪನೆಯ ಇಂಗ್ಲಿಷ್–ಕನ್ನಡ ನಿಘಂಟೊಂದಿತ್ತು. ಒಂದು ಮಳೆಗಾಲದಲ್ಲಿ ಗೆದ್ದಲು ಹಿಡಿದಿದೆಯೋ ಏನೋ ಎಂದು ಅದನ್ನು ಕೆಳಗಿಳಿಸಿ ಹಾಳೆ ಹಾಳೆ ಬಿಡಿಸಿದಳು. ಗೆದ್ದಲಿರಲಿಲ್ಲ. ಆದರೆ ಅಲ್ಲೊಂದು ಇಲ್ಲೊಂದು ಶಬ್ದದ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಚುಕ್ಕಿ ಇತ್ತು. ಮೊದಲು ಕಂಡದ್ದು ಆಂಬಿಡೆಕ್ಸ್‌ಟ್ರಸ್. ಎರಡೂ ಕೈಗಳಿಂದ ಸಮನಾಗಿ ಕೆಲಸ ಮಾಡಬಲ್ಲವನು ಎಂದು ಅರ್ಥ ಕೊಟ್ಟಿತ್ತು. ಯಾರೋ ಕಠಿಣ ಶಬ್ದಗಳನ್ನು ಗುರುತು ಮಾಡಿಕೊಂಡಿದ್ದಾರೆ ಎಂದುಕೊಂಡಳು. ಸಿ ಅಕ್ಷರಕ್ಕೆ ಬಂದರೆ ಕಾಲಿಫ್ಲವರ್. ಹೂಕೋಸಿಗೆ ಯಾರು ಅರ್ಥ ಹುಡುಕುತ್ತಾರೆ? ಮುಂದೆ ಎಜುಕೇಶನ್, ಫೇವರಿಟ್, ಹೌಸ್‌ಮೇಡ್. ಒಂದಕ್ಕೊಂದು ಸಂಬಂಧವೇ ಇಲ್ಲ. ಮನೆಗೆಲಸದವಳಿಗೂ ಹೂಕೋಸಿಗೂ ಶಿಕ್ಷಣಕ್ಕೂ ಏನು ನಂಟು?

ಅದು ಅವಳ ತಲೆಯೊಳಗೆ ಹೊಕ್ಕು ಕೂತಿತು. ಒಂದು ನೋಟುಪುಸ್ತಕ ಕೊಂಡು ಚುಕ್ಕಿ ಇದ್ದ ಶಬ್ದಗಳನ್ನೆಲ್ಲ ಅರ್ಥದ ಸಮೇತ ಬರೆದುಕೊಳ್ಳತೊಡಗಿದಳು. ಅವಳ ಇಂಗ್ಲಿಷ್ ಅಷ್ಟಕ್ಕಷ್ಟೇ, ಪಿಯುಸಿಯಲ್ಲಿ ಆ ವಿಷಯ ಪಾಸಾದದ್ದೇ ದೊಡ್ಡದು. ಆದರೂ ದಿನಕ್ಕೆ ಐದಾರು ಶಬ್ದ ಇಳಿಸಿಕೊಂಡಳು. ಅರ್ಥದಲ್ಲಿ ನಂಟು ಹುಡುಕಿ ಹುಡುಕಿ ಸೋತ ಮೇಲೆ, ಇಪ್ಪತ್ತು ದಿನಗಳಾಗಿರಬೇಕು, ಅರ್ಥವನ್ನು ಬಿಟ್ಟು ಅಕ್ಷರಗಳನ್ನು ನೋಡಿದಳು. ಎಜುಕೇಶನ್ನಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಬರೆದಾಗ ಎ, ಇ, ಐ, ಓ, ಯು ಐದೂ ಕಂಡವು. ಕಾಲಿಫ್ಲವರಿನಲ್ಲೂ ಐದು. ಹೌಸ್‌ಮೇಡಿನಲ್ಲೂ ಐದು. ಪ್ರತಿಯೊಂದು ಸ್ವರ ಒಂದೇ ಒಂದು ಸಲ, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ.

ಅವಳಿಗೆ ಆದ ಖುಷಿ ಅಷ್ಟಿಷ್ಟಲ್ಲ. ಯಾರಿಗಾದರೂ ಹೇಳಬೇಕೆನಿಸಿ ಸುತ್ತ ನೋಡಿದಳು. ಇಬ್ಬರು ಪೇಪರ್ ಓದುತ್ತಿದ್ದರು, ಒಬ್ಬರು ತೂಕಡಿಸುತ್ತಿದ್ದರು. ನೋಟುಪುಸ್ತಕ ಮುಚ್ಚಿದಳು.

ಚುಕ್ಕಿಗಳು ಪಿ ಅಕ್ಷರದ ನಡುವೆ ನಿಂತುಬಿಟ್ಟಿದ್ದವು. ಕೊನೆಯದು ನ್ಯುಮೋನಿಯಾ; ಇಂಗ್ಲಿಷಿನಲ್ಲಿ ಅದು ಉಚ್ಚಾರವಿಲ್ಲದ ಪಿಯಿಂದ ಶುರುವಾಗುತ್ತದೆ. ಅಲ್ಲಿಂದ ಮುಂದೆ ನಾನೂರು ಪುಟ ಒಂದೂ ಚುಕ್ಕಿಯಿಲ್ಲದೆ ಕೋರಾ ಇತ್ತು. ಹೀಗೆ ಒಂದೊಂದು ಸಾಲನ್ನೂ ಬಿಡದೆ ಬಂದವರು ನಡುದಾರಿಯಲ್ಲಿ ಯಾಕೆ ಬಿಟ್ಟರೋ. ಆ ಕಪಾಟಿನ ಪುಸ್ತಕ ತೆಗೆಸುವವರು ಹೆಸರು ಬರೆಯಬೇಕಾದ ಹಳೆಯ ವಹಿಯನ್ನು ಹುಡುಕಿ ತೆಗೆದಳು. ಅವಳು ಸೇರುವುದಕ್ಕಿಂತ ಮುಂಚಿನ ವರ್ಷದಲ್ಲಿ ಒಂದೇ ಹೆಸರು ನೂರಾರು ಸಲ ಇತ್ತು: ಅಮೋಘಸಿದ್ದಪ್ಪ, ನಿವೃತ್ತ ಕಂಟ್ರೋಲರ್, ಬಸ್ ನಿಲ್ದಾಣ. ನಿಲ್ದಾಣಕ್ಕೆ ಹೋಗಿ ಕೇಳಿದಾಗ ಹಳಬರೊಬ್ಬರು ನೆನಪಿಸಿಕೊಂಡರು. ಅವರು ಹುಮನಾಬಾದಿನಲ್ಲಿ ತಮ್ಮನ ಮಗನ ಮನೆ ಸೇರಿ ಬಹಳ ದಿನವಾಯಿತೆಂದು ಹೇಳಿ ಓಣಿಯ ಗುರುತು ಕೊಟ್ಟರು.

ಮುಂದಿನ ಸೋಮವಾರ ಗ್ರಂಥಾಲಯಕ್ಕೆ ರಜೆ. ರಾಜೇಶ್ವರಿ ನೋಟುಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಹುಮನಾಬಾದಿನ ಬಸ್ಸು ಹತ್ತಿದಳು. ದಾರಿಯಲ್ಲಿ ಎರಡು ಸಲ ಇಳಿದು ತಿರುಗಿ ಹೋಗಿಬಿಡಬೇಕೆನಿಸಿತು. ಗುರುತಿಲ್ಲದ ಗಂಡಸಿನ ಮನೆಗೆ, ಅದೂ ಇಂಥ ಕಾರಣಕ್ಕೆ, ಯಾರಾದರೂ ಹೋಗುತ್ತಾರೆಯೆ?

ಬಾಗಿಲು ತೆಗೆದವಳು ತಮ್ಮನ ಮಗನ ಹೆಂಡತಿ ಪೂನಂ. ಬಸವಕಲ್ಯಾಣದ ಲೈಬ್ರರಿಯಿಂದ ಎಂದಾಗ ಹುಬ್ಬೇರಿಸಿದಳು. ಮಾವನವರನ್ನು ಕೇಳಿಕೊಂಡು ಯಾರೂ ಬರುವುದಿಲ್ಲ ಎಂದಳು. ಒಳಗೆ ಕರೆದು ಕೂರಿಸಿ ಚಹಾ ಇಡಲು ಹೋದಳು. ಅಮೋಘಸಿದ್ದಪ್ಪ ಪಡಸಾಲೆಯ ಹೊರಸಿನ ಮೇಲೆ ಕೂತಿದ್ದರು. ಎಪ್ಪತ್ತರ ಆಸುಪಾಸಿನ, ಎತ್ತರದ, ಬಿಳಿ ಧೋತರದ ಮನುಷ್ಯ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು, ಎದುರಿಗಿದ್ದವರ ಆಕಾರ ಮಾತ್ರ ಕಾಣುತ್ತಿತ್ತು.

"ಕಾಕಾರ, ಆ ದೊಡ್ಡ ಡಿಕ್ಷನರಿದಾಗ ಚುಕ್ಕಿ ಇಟ್ಟವರು ನೀವೇ ಏನ್ರಿ?" ಎಂದು ಕೇಳಿದಳು.

ಅವರು ಬೆನ್ನು ನೆಟ್ಟಗೆ ಮಾಡಿ ಕೂತರು. "ಹೌದ್ರಿ. ಸರ್ಕಾರಿ ಪುಸ್ತಕ ಅದು, ಇಡಬಾರದಿತ್ತು. ತಪ್ಪಾಗ್ಯಾದ."

"ಅದಕ್ಕ ಬಂದಿಲ್ರಿ. ಅವು ಯಾಕಂತ ನಂಗ ತಿಳದದ. ಐದೂ ಸ್ವರ ಒಂದೊಂದ ಸಲ ಬರ್ತಾವ."

ಅಮೋಘಸಿದ್ದಪ್ಪ ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಆಮೇಲೆ ನಿಧಾನಕ್ಕೆ ಹೇಳತೊಡಗಿದರು. ಕುರಿ ಕಾಯುವ ಮನೆಯಲ್ಲಿ ಹುಟ್ಟಿ ಓದಿ ನೌಕರಿ ಹಿಡಿದವರು ಅವರು. ಮೂವತ್ತು ವರ್ಷ ನಿಲ್ದಾಣದಲ್ಲಿ ಕೂತು ಬಸ್ಸುಗಳ ಬೋರ್ಡು ಓದಿ ಓದಿ, ಎಲ್ಲಿ ಬರಹ ಕಂಡರೂ ಅಕ್ಷರ ಎಣಿಸುವ ಚಾಳಿ ಬಿದ್ದಿತ್ತು. ಶಾಲೆಯೊಂದರ ಬಸ್ಸಿನ ಮೇಲೆ ಎಜುಕೇಶನ್ ಎಂದು ಬರೆದದ್ದರಲ್ಲಿ ಐದೂ ಸ್ವರ ಇರುವುದನ್ನು ಅಲ್ಲಿಯೇ ಕಂಡುಕೊಂಡರು. ನೌಕರಿ ಮುಗಿಯುವ ಹಿಂದಿನ ವರ್ಷ ಹೆಂಡತಿ ಕಸ್ತೂರಿಬಾಯಿ ತೀರಿಕೊಂಡಳು. ಮಕ್ಕಳಿರಲಿಲ್ಲ. ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾಗದೆ ಗ್ರಂಥಾಲಯಕ್ಕೆ ಬರತೊಡಗಿದರು. ಪೇಪರ್ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು, ದಿನ ಮುಗಿಯುತ್ತಿರಲಿಲ್ಲ. ಆಗ ನಿಘಂಟು ತೆಗೆಸಿದರು.

"ನ್ಯುಮೋನಿಯಾ ಆದ ಮ್ಯಾಲ ಯಾಕ ಬಿಟ್ರಿ?" ಕೇಳಿದ ಮೇಲೆ ಕೇಳಬಾರದಿತ್ತೇನೋ ಎನಿಸಿತು ಅವಳಿಗೆ.

"ಆಕಿ ಅದರಾಗೇ ಹೋದಳ್ರಿ. ಹದಿನೇಳು ದಿನ ಬೀದರದಾಗ ದವಾಖಾನಿ ಚೀಟಿ ಹಿಡ್ಕೊಂಡು ಕುಂತಿದ್ದೆ. ಚೀಟಿ ಮ್ಯಾಲ ಅದೇ ಶಬ್ದ. ಆಗ ಎಣಿಸಿರಲಿಲ್ಲ. ಪುಸ್ತಕದಾಗ ಬಂದಾಗ ಎಣಿಸಿದೆ. ಬಾಜೂಕ ಅರ್ಥ ಬರದಾರ, ಶ್ವಾಸಕೋಶದ ಉರಿಯೂತ ಅಂತ. ಎರಡೇ ಶಬ್ದದಾಗ ಮುಗಿಸ್ಯಾರ. ಚುಕ್ಕಿ ಇಟ್ಟೆ, ಪುಸ್ತಕ ಮುಚ್ಚಿದೆ. ಮತ್ತ ಆ ಕಡಿ ಹೋಗಲಿಲ್ಲ."

ಪೂನಂ ಚಹಾ ತಂದಿಟ್ಟಳು. ಇಬ್ಬರೂ ಬಸಿಗೆ ಸುರಿದುಕೊಂಡು ಕುಡಿದರು. ರಾಜೇಶ್ವರಿ ನೋಟುಪುಸ್ತಕವನ್ನು ಚೀಲದಿಂದ ತೆಗೆಯಲೇ ಇಲ್ಲ. ಹೊರಡುವಾಗ ಅವರು ಅವಳ ಫೋನ್ ನಂಬರನ್ನು ಪೂನಂಗೆ ಹೇಳಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಸಿದರು. ತಮ್ಮದನ್ನೂ ಕೊಟ್ಟರು.

"ಉಳದದ್ದು ನೀವ ಹುಡಕ್ರಿ ಬಾಯಾರ," ಎಂದರು. "ಮುಗದ ಮ್ಯಾಲ ಒಂದ ಫೋನ್ ಮಾಡ್ರಿ."

ಮರುದಿನದಿಂದಲೇ ಶುರು ಮಾಡಿದಳು. ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟು, ಬೆರಳಾಡಿಸುತ್ತ, ಮಧ್ಯಾಹ್ನ ಯಾರೂ ಇಲ್ಲದಾಗ ದಿನಕ್ಕೆ ಮೂರು ನಾಲ್ಕು ಪುಟ. ಮೊದಲು ಸಿಕ್ಕಿದ್ದು ಪ್ರಿಕಾಶನ್, ಮುಂಜಾಗ್ರತೆ. ಒಂದು ವಾರ ಒಂದೂ ಸಿಗಲಿಲ್ಲ, ಮರುವಾರ ರೆಗ್ಯುಲೇಶನ್, ರೆಪ್ಯುಟೇಶನ್ ಬೆನ್ನುಬೆನ್ನಿಗೆ ಬಂದವು. ಸಬ್‌ಕಾಂಟಿನೆಂಟಲ್ ಸಿಕ್ಕಾಗ ಅದರಲ್ಲಿ ಸ್ವರಗಳು ಹಿಂದುಮುಂದಾಗಿ, ಯುವಿನಿಂದ ಎ ತನಕ ಸಾಲಾಗಿ ನಿಂತಿದ್ದವು. ಅದನ್ನು ಕಂಡು ಒಬ್ಬಳೇ ನಕ್ಕಳು. ಪುಸ್ತಕದಲ್ಲಿ ಚುಕ್ಕಿ ಇಡಲಿಲ್ಲ, ನೋಟುಪುಸ್ತಕದಲ್ಲಷ್ಟೇ ಬರೆದಳು. ಯು ಅಕ್ಷರದಲ್ಲಿ ಅನ್‌ಸೋಶಿಯಬಲ್ ಎಂಬುದೊಂದು ಬಂತು. ಜನರೊಡನೆ ಬೆರೆಯದವ ಎಂದು ಅರ್ಥ. ಅದನ್ನು ಬರೆದು ಆ ದಿನ ಅಷ್ಟಕ್ಕೇ ನಿಲ್ಲಿಸಿದಳು.

ಐದು ತಿಂಗಳು ಹಿಡಿಯಿತು. ನಡುವೆ ಅವರೂ ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಚಳಿ ಇಳಿದು ಬಿಸಿಲು ಏರುವ ಹೊತ್ತಿಗೆ ಕೊನೆಯ ಪುಟ ತಿರುವಿದಳು. ಆ ಸಂಜೆ ಗ್ರಂಥಾಲಯಕ್ಕೆ ಬೀಗ ಹಾಕಿ, ಖೋಲಿಗೆ ಬಂದು, ಸೀರೆ ಕೂಡ ಬದಲಿಸದೆ ನಂಬರ್ ಒತ್ತಿದಳು. ಪೂನಂ ಎತ್ತಿಕೊಂಡು ಮಾವನವರಿಗೆ ಕೊಟ್ಟಳು. ಯಾರೆಂದು ಹೇಳುವ ಮೊದಲೇ ಅವರು, ಓದ್ರಿ ಬಾಯಾರ, ಎಂದರು.

ಅವಳು ಮೊದಲಿನಿಂದ ಓದಿದಳು. ಅವರದೇ ತೊಂಬತ್ತು ಚಿಲ್ಲರೆ ಶಬ್ದ, ಆಮೇಲೆ ತನ್ನವು, ಒಂದೊಂದಕ್ಕೂ ಅರ್ಥ. ಅವರು ಪ್ರತಿಯೊಂದಕ್ಕೂ ಹೂಂ ಎನ್ನುತ್ತಿದ್ದರು. ನ್ಯುಮೋನಿಯಾ ಬರುತ್ತಿರುವುದು ಕಂಡಾಗ ಅವಳಿಗೆ ಬಿಟ್ಟುಬಿಡಲೇ ಎನಿಸಿತು, ಬಿಡಲಿಲ್ಲ. ಆ ಒಂದಕ್ಕೆ ಹೂಂ ಬರಲಿಲ್ಲ. ಅವಳು ಕಾದಳು.

"ಮುಂದ," ಎಂದರು ಅವರು.

ಓದುತ್ತ ಹೋದಳು. ಅವಳ ಗಂಟಲು ಒಣಗಿತ್ತು. ವರ್ಷಗಳಿಂದ ಅವಳು ಒಂದೇ ಉಸಿರಿಗೆ ಇಷ್ಟು ಮಾತಾಡಿರಲಿಲ್ಲ. ಅನ್‌ಸೋಶಿಯಬಲ್ ಬಂದಾಗ ಅವರು ಅರ್ಥವನ್ನು ಇನ್ನೊಮ್ಮೆ ಕೇಳಿಸಿಕೊಂಡರು. ಕೊನೆಯದು ವೆಕ್ಸೇಶಸ್, ಕಿರಿಕಿರಿ ಕೊಡುವಂಥದ್ದು. ಅದರಾಚೆಗೆ, ಝಡ್ ತನಕ, ಒಂದೂ ಸಿಗಲಿಲ್ಲವೆಂದು ಹೇಳಿದಳು.

"ಮುಗೀತೇನ್ರಿ?"

"ಮುಗೀತ್ರಿ ಕಾಕಾರ."

ಆ ಕಡೆ ಪೂನಂ ಪಾತ್ರೆ ಸರಿಸುವ ಸದ್ದು ಮಾತ್ರ ಕೇಳುತ್ತಿತ್ತು. ಫೋನ್ ಇಟ್ಟುಬಿಡುತ್ತಾರೆ ಎಂದುಕೊಂಡಳು.

"ನಿಮ್ದು ಊಟ ಆತೇನ್ರಿ?" ಎಂದು ಕೇಳಿದರು.

ಒಲೆ ಇನ್ನೂ ಹೊತ್ತಿಸಿರಲಿಲ್ಲ. ಹಿಟ್ಟು ಡಬ್ಬಿಯಲ್ಲೇ ಇತ್ತು. ಈ ಮಾತನ್ನು ಅವಳಿಗೆ ಕಡೆಯದಾಗಿ ಯಾರು, ಯಾವಾಗ ಕೇಳಿದ್ದರೋ ನೆನಪಾಗಲಿಲ್ಲ.

"ಆತ್ರಿ," ಎಂದಳು.